ಸೌಜನ್ಯ ಸಂಕಥನದ ತಾತ್ವಿಕ ನೆಲೆಗಳು: ಟೆಕ್ಸಾಸ್ ಕನ್ನಡಿಗರ ವಾಟ್ಸ್ಯಾಪ್ ಗುಂಪುಗಳನ್ನು ಅನುಲಕ್ಷಿಸಿ

ವಾಟ್ಸ್ಯಾಪ್ ಗುಂಪಿನಲ್ಲಿ ಮರ್ಯಾದೆಯಾಗಿ ಮಾತಾಡುವುದು ಹೇಗೆ ಎಂಬ ಪ್ರಶ್ನೆಯನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಸಮಸ್ಯೀಕರಿಸಿ, ಅದರ ಒಳಸುಳಿಗಳೊಂದಿಗೆ ಅನುಸಂಧಾನಕ್ಕಿಳಿದು, ವಸಾಹತೋತ್ತರ ಸಂಕಥನದೊಡನೆ ಮುಖಾಮುಖಿಯಾಗಿಸುವ ಪ್ರಯತ್ನ ಇದುವರೆಗೆ ನಡೆದಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗುತ್ತದೆ. ಇಂಥ ವಾಕ್ಯ ಬರೆಯುವ ಶಕ್ತಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಊರಿಂದ ಕರೆಸಿದ ವಿದ್ವಾಂಸರೊಬ್ಬರ ಉಪನ್ಯಾಸವನ್ನು, ಹಿಂದಿನ ಮೇಜಿನ ಮೇಲೆ ಬಿಸಿಬೇಳೆಬಾತ್ ಆರುತ್ತಿರುವಾಗ, ಪೂರ್ತಿ ಕೂತು ಕೇಳಿ ಸಂಪಾದಿಸಿದ್ದು.

ಅಧ್ಯಯನದ ಕ್ಷೇತ್ರ ಎನರ್ಜಿ ಕಾರಿಡಾರ್. ಕಟ್ಟುನಿಟ್ಟಾಗಿ ಹೇಳಿದರೆ ಅದು ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಐ-10 ಹೆದ್ದಾರಿಯ ಆಚೀಚೆ ತೈಲ ಕಂಪನಿಗಳ ಕಚೇರಿಗಳಿರುವ ಪಟ್ಟಿ. ಸೈದ್ಧಾಂತಿಕ ಅನುಕೂಲಕ್ಕಾಗಿ ಡ್ಯಾಲಸ್, ಆಸ್ಟಿನ್‌ಗಳನ್ನೂ ಎಳೆದುಕೊಂಡಿದ್ದೇನೆ. ಆಸ್ಟಿನ್ನಿನವರು ಬೇಜಾರು ಮಾಡಿಕೊಳ್ಳುತ್ತಾರೆಂದು ಗೊತ್ತು, ಸೇರಿಸದಿದ್ದರೂ ಮಾಡಿಕೊಳ್ಳುತ್ತಿದ್ದರು. ಕ್ಷೇತ್ರ ಸಣ್ಣದಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಮೊದಲ ಸಮ್ಮೇಳನ 2000ದಲ್ಲಿ ನಡೆದದ್ದು ಹ್ಯೂಸ್ಟನ್ನಿನಲ್ಲಿ, 2018ರದ್ದು ಡ್ಯಾಲಸ್ಸಿನಲ್ಲಿ. ಸಮ್ಮೇಳನಗಳನ್ನು ಎಣಿಸಬಹುದು, ಗುಂಪುಗಳನ್ನಲ್ಲ. ಕೇಟಿ ಮಹಿಳೆಯರದ್ದೊಂದು, ಫ್ರಿಸ್ಕೋ ವಾಲಿಬಾಲಿನದೊಂದು, ರೌಂಡ್ ರಾಕ್ ಕನ್ನಡ ಕಲಿ ಪೋಷಕರದ್ದೊಂದು. ಯುಗಾದಿ ಅಡುಗೆ ಸಮಿತಿಯದೊಂದು, ಅದೇ ಸಮಿತಿಯಲ್ಲಿ ಒಬ್ಬರನ್ನು ಮಾತ್ರ ಬಿಟ್ಟದ್ದು ಇನ್ನೊಂದು. ಗುಂಪಿಗೆ 256 ಜನ ಎಂಬ ಮಿತಿಯನ್ನು ವಾಟ್ಸ್ಯಾಪ್ 2022ರಲ್ಲಿ ಮೊದಲು 512ಕ್ಕೆ, ಆಮೇಲೆ 1024ಕ್ಕೆ ಏರಿಸಿತು. ಮನುಷ್ಯನ ತಾಳ್ಮೆಯನ್ನೂ ಅದೇ ಪ್ರಮಾಣದಲ್ಲಿ ಏರಿಸಿದ ವರದಿ ಇಲ್ಲ.

ಇನ್ನು ತಾತ್ವಿಕ ಚೌಕಟ್ಟು. ಪಾಶ್ಚಾತ್ಯ ಮಾನದಂಡಗಳನ್ನು ತಿರಸ್ಕರಿಸಿ ನೇರ ಗೌತಮನ ನ್ಯಾಯಸೂತ್ರಕ್ಕೆ ಹೋಗೋಣ. ಅಲ್ಲಿ ಚರ್ಚೆ ಮೂರು ಬಗೆ. ನಿಜ ತಿಳಿಯಲೆಂದು ಮಾಡುವುದು ವಾದ, ಗೆಲ್ಲಲೆಂದು ಮಾಡುವುದು ಜಲ್ಪ, ತನ್ನದೇನೂ ಪಕ್ಷವಿಲ್ಲದೆ ಎದುರಿನವರದ್ದನ್ನು ಕೆಡವಲೆಂದೇ ಮಾಡುವುದು ವಿತಂಡಾ. ಮೊದಲನೆಯದಕ್ಕೆ ನಮ್ಮ ಕ್ಷೇತ್ರದಲ್ಲಿ ಮಾದರಿ ಸಿಗಲಿಲ್ಲ. ಚರ್ಚೆಯಲ್ಲಿ ಸೋಲುವ 22 ದಾರಿಗಳನ್ನೂ ಶಾಸ್ತ್ರ ಪಟ್ಟಿ ಮಾಡಿದೆ, ಹೆಸರು ನಿಗ್ರಹಸ್ಥಾನ. ಗೌತಮನ ಕೈಯಲ್ಲಿ ಫೋನ್ ಇರಲಿಲ್ಲ ಎಂದು ನಂಬುವುದು ಕಷ್ಟ.

ಒಂದನೆಯದು ಪ್ರತಿಜ್ಞಾಸಂನ್ಯಾಸ: ತಾನು ಹೇಳಿದ್ದನ್ನು ತಾನು ಹೇಳೇ ಇಲ್ಲವೆನ್ನುವುದು. ಇದರ ಆಧುನಿಕ ರೂಪ ‘ಈ ಸಂದೇಶವನ್ನು ಅಳಿಸಲಾಗಿದೆ’. ಅಷ್ಟರಲ್ಲಿ ಆರು ಜನ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ಎರಡನೆಯದು ಮತಾನುಜ್ಞಾ: ನನ್ನಲ್ಲಿ ದೋಷವಿದ್ದರೆ ನಿನ್ನಲ್ಲೂ ಇದೆ ಎಂದು ತಿರುಗೇಟು ಕೊಡುವುದು. ‘ಬೆಂಗಳೂರಲ್ಲಿ ಗುಂಡಿ ಇದೆ ಅಂತೀರಲ್ಲ, ನಿಮ್ಮ ಹ್ಯೂಸ್ಟನ್ನಿನಲ್ಲಿ ಮಳೆ ಬಂದ್ರೆ ದೋಣಿ ಬಿಡ್ತೀರಲ್ಲ, ಅದಕ್ಕೇನಂತೀರಿ?’ ಮೂರನೆಯದು ಅವಿಜ್ಞಾತಾರ್ಥ: ಮೂರು ಸಲ ಹೇಳಿದರೂ ಸಭೆಗೂ ಎದುರಾಳಿಗೂ ಅರ್ಥವಾಗದ್ದು. ಇದು ಕಾರು ಓಡಿಸುತ್ತ ಕಳಿಸಿದ ಏಳು ನಿಮಿಷದ ವಾಯ್ಸ್ ಮೆಸೇಜ್. ನಾಲ್ಕನೆಯದು ವಿಕ್ಷೇಪ: ಸೋಲುವ ಸುಳಿವು ಸಿಕ್ಕ ಕೂಡಲೇ ಬೇರೆ ಕೆಲಸವಿದೆಯೆಂದು ಮಾತು ಮುರಿದು ಹೊರಡುವುದು. ‘ನನಗೆ ಮೀಟಿಂಗ್ ಇದೆ, ಆಮೇಲೆ ಬರ್ತೀನಿ.’ ಶನಿವಾರ ರಾತ್ರಿ ಯಾವ ಮೀಟಿಂಗ್ ಸ್ವಾಮೀ?

ಐದನೆಯದು... ಇರಲಿ. ಉಳಿದ 18ನ್ನೂ ವಿವರಿಸುವುದು ಪಿಎಚ್‌ಡಿಗೆ ಸರಿ. ನೀವು ನಿಮ್ಮ ಗುಂಪು ತೆರೆದರೆ ಊಟದ ಹೊತ್ತಿಗೆ ಎಲ್ಲವೂ ಸಿಗುತ್ತವೆ.

ಆದರೆ ಸೌಜನ್ಯ ಇಲ್ಲವೆಂದು ಯಾರೂ ದೂರುವಂತಿಲ್ಲ. ಸೌಜನ್ಯ ಧಾರಾಳವಾಗಿದೆ. ‘ತಪ್ಪು ತಿಳ್ಕೋಬೇಡಿ’ ಎಂದ ಮೇಲೆ ಯಾರನ್ನು ಏನು ಬೇಕಾದರೂ ಅನ್ನಬಹುದು. ‘ನಾನು ಸಣ್ಣವನು, ಆದರೂ’ ಎಂದವರು ದೊಡ್ಡದೊಂದನ್ನು ಎತ್ತಿ ಹಾಕುತ್ತಾರೆ. ಕೈಮುಗಿದ ಇಮೋಜಿ ಒಂದಿದ್ದರೆ ನಮಸ್ಕಾರ, ಎರಡಿದ್ದರೆ ಮಾತು ಮುಗಿಯಿತು, ಮೂರಿದ್ದರೆ ನಿಮ್ಮ ಹತ್ತಿರ ಯಾರು ಮಾತಾಡ್ತಾರೆ; ನಾಲ್ಕು ಬಿದ್ದ ದಿನ ಗುಂಪು ಒಡೆಯುತ್ತದೆ. ನವೆಂಬರ್ 1ರಂದು ಪರಮತ ಸಹಿಷ್ಣುತೆಯನ್ನು ಹೊಗಳುವ ಕವಿರಾಜಮಾರ್ಗದ ಪದ್ಯ ಎಲ್ಲ ಗುಂಪುಗಳಿಗೂ ಫಾರ್ವರ್ಡ್ ಆಗುತ್ತದೆ. ಒಂಬತ್ತನೆಯ ಶತಮಾನದ ಪುಸ್ತಕ, ನಮ್ಮ ಹೆಮ್ಮೆ. 2ರಂದು ರಾಜ್ಯೋತ್ಸವದ ಊಟದಲ್ಲಿ ಈರುಳ್ಳಿ ಹಾಕಿದ್ದು ಯಾರು ಎಂಬ ವಿಚಾರಣೆ ಶುರುವಾಗುತ್ತದೆ.

ಇದನ್ನೆಲ್ಲ ತಡೆಯಲು ಅಡ್ಮಿನ್ ಇದ್ದಾರೆ, ಅಡ್ಮಿನ್ ಬಳಿ ನಿಯಮಾವಳಿ ಇದೆ. ರಾಜಕೀಯ ಬೇಡ, ಧರ್ಮ ಬೇಡ, ಜಾಹೀರಾತು ಬೇಡ, ಹಿರಿಯರಿಗೆ ಗೌರವ ಕಡ್ಡಾಯ. (ಪ್ರಾಪರ್ಟಿ ಮಾರುವ ಅಡ್ಮಿನ್ನಿನ ಭಾವಮೈದುನನ ಸಂದೇಶ ಜಾಹೀರಾತಲ್ಲ, ಮಾಹಿತಿ.) ಈ ಸೌಜನ್ಯದ ಅಧಿಕಾರ ಕೇಂದ್ರವನ್ನು ನಿರಚನೆಗೊಳಪಡಿಸಿದಾಗ ಏನು ಕಾಣುತ್ತದೆ? 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ವೀಸಾಕ್ಕೆ 1,00,000 ಡಾಲರ್ ಶುಲ್ಕದ ಆದೇಶ ಬಂತು. ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬರುವ ತನಕ, ಊರಿಗೆ ಹೋದವರು ಆವತ್ತೇ ವಿಮಾನ ಹತ್ತಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಹುಡುಗನೊಬ್ಬ ಗುಂಪಿನಲ್ಲಿ ಕೇಳಿದ. ಬಹಳ ಹಿಂದೆಯೇ ಸಿಟಿಜನ್ ಆದ ಹಿರಿಯರೊಬ್ಬರು, ನಾವು ಬಂದ ಕಾಲದಲ್ಲಿ ಕಷ್ಟಪಟ್ಟು ಬಂದೆವು, ಈಗಿನವರಿಗೆ ಎಲ್ಲ ಸಲೀಸಾಗಿ ಬೇಕು ಎಂದು ಮೂರು ಕೈಮುಗಿದರು. ಹುಡುಗ ಬಿಸಿಯಾಗಿ ಉತ್ತರಿಸಿದ. ಅಡ್ಮಿನ್ ಎಚ್ಚರಿಸಿದ್ದು ಹುಡುಗನನ್ನು. ಧಾಟಿ ಸರಿಯಿಲ್ಲವಂತೆ.

ನಮ್ಮ ನಿಯಮಾವಳಿ ಕಾಯುವುದು ಧಾಟಿಯನ್ನು, ಅದೂ ಕಿರಿಯರ ಧಾಟಿಯನ್ನು. ಒಳ್ಳೆಯ ಧಾಟಿಯಲ್ಲಿ ಎಷ್ಟು ಕ್ರೂರವಾಗಿಯೂ ಇರಬಹುದು.

2021ರ ಫೆಬ್ರವರಿ 15ರ ನಸುಕಿನಲ್ಲಿ, ಕೊರೆಯುವ ಹಿಮಚಳಿಗೆ, ಟೆಕ್ಸಾಸಿನ ವಿದ್ಯುತ್ ಜಾಲ ಪೂರ್ತಿ ಕುಸಿಯಲು 4 ನಿಮಿಷ 37 ಸೆಕೆಂಡ್ ಬಾಕಿಯಿತ್ತೆಂದು ಅದನ್ನು ನಡೆಸುವ ಎರ್ಕಾಟ್ ಆಮೇಲೆ ಹೇಳಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಇಡೀ ಲೋಕಕ್ಕೆ ಎಣ್ಣೆ, ಗ್ಯಾಸು ಕೊಡುತ್ತೇವೆನ್ನುವ ರಾಜ್ಯದಲ್ಲಿ ಜನ ನೀರಿನ ಪೈಪ್ ಒಡೆದ ಮನೆಗಳಲ್ಲಿ ಕಂಬಳಿ ಹೊದ್ದು ಕೂತರು. ಗ್ಯಾರೇಜಿನಲ್ಲಿ ಕಾರು ಓಡಿಸಿ ಬೆಚ್ಚಗಾಗಲು ಹೋಗಿ ಹೊಗೆಯ ವಿಷಕ್ಕೆ ಸತ್ತರು. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕ 246 ಸಾವು. ನಮ್ಮ ಗುಂಪಿನಲ್ಲಿ ಆ ಬೆಳಗ್ಗೆ ನಡೆಯುತ್ತಿದ್ದ ಚರ್ಚೆ: ನಿಂತದ್ದು ಗಾಳಿಯಂತ್ರವೋ ಗ್ಯಾಸ್ ಸ್ಥಾವರವೋ? ಎರಡೂ ಕಡೆ ಅದೇ ಕಸುಬಿನ ಎಂಜಿನಿಯರುಗಳು. ಮಧ್ಯೆ ಒಂದು ಸಾಲು ಬಂತು: ಅಪ್ಪನ ನೆಬ್ಯುಲೈಜರ್‌ಗೆ ಕರೆಂಟ್ ಬೇಕು, ಯಾರ ಮನೇಲಿದೆ? ಅದರ ಮೇಲೆ ಒಂದು ಗ್ರಾಫ್ ಬಿತ್ತು. ಗ್ರಾಫಿನ ಮೇಲೆ ಇನ್ನೊಂದು ಗ್ರಾಫ್. ‘ಕ್ಷಮಿಸಿ ಸಾರ್, ನಿಮ್ಮ ದತ್ತಾಂಶ ಹಳೆಯದು.’ ‘ಗೌರವಪೂರ್ವಕವಾಗಿ ಒಪ್ಪುವುದಿಲ್ಲ ಸಾರ್.’ ಆ ಸಾಲು ಮೇಲೆ ಮೇಲೆ ಹೋಗಿ ಕಾಣದಾಯಿತು.

ಯಾರೂ ಯಾರನ್ನೂ ಬೈಯಲಿಲ್ಲ. ನಿಯಮಾವಳಿಯ ಒಂದು ಅಂಶವೂ ಮುರಿಯಲಿಲ್ಲ. ಅಡ್ಮಿನ್ ಮಧ್ಯೆ ಬಂದು, ಚರ್ಚೆ ಆರೋಗ್ಯಕರವಾಗಿದೆ ಎಂದು ಮೆಚ್ಚಿದರು. ಆರೋಗ್ಯಕರ! ಕೊನೆಗೆ ಆ ಸಾಲು ಬರೆದಾಕೆಗೆ ಫೋನ್ ಮಾಡಿ ಮನೆಗೆ ಕರೆದವರು ಗುಂಪಿನಲ್ಲಿ ಎಂದೂ ಬಾಯಿಬಿಡದ, ಪ್ರೊಫೈಲಿಗೆ ಚಿತ್ರವನ್ನೂ ಹಾಕದ ಒಬ್ಬರು. ಗೆದ್ದವರಾರು ಎಂದು ಇನ್ನೂ ಕುತೂಹಲವಿರುವವರಿಗೆ: ಅದೇ ವರ್ಷದ ನವೆಂಬರಿನಲ್ಲಿ ಬಂದ ಒಕ್ಕೂಟ ಸರ್ಕಾರದ ತನಿಖಾ ವರದಿಯ ಪ್ರಕಾರ ಕೆಟ್ಟು ನಿಂತವುಗಳಲ್ಲಿ ಹೆಚ್ಚಿನವು ಗ್ಯಾಸ್ ಸ್ಥಾವರಗಳು. ಸಮಾಧಾನವಾಯಿತೆ?

ಈ ಜನರಿಗೆ ಬೇರೆ ಥರ ಮಾತಾಡಲು ಬರುವುದಿಲ್ಲವೆಂದಲ್ಲ. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದು ಹ್ಯೂಸ್ಟನ್ ಸುತ್ತಮುತ್ತ 22 ಲಕ್ಷ ಸಂಪರ್ಕಗಳು ಕಡಿದವು. ಸೆಕೆಯಲ್ಲಿ ದಿನಗಟ್ಟಲೆ ಕರೆಂಟಿಲ್ಲ. ಆ ವಾರದ ಸಂದೇಶಗಳನ್ನು ಮೊನ್ನೆ ಮತ್ತೆ ಓದಿದೆ. ‘ನಮ್ಮನೇಲಿ ಏಸಿ ಇದೆ, ಮಕ್ಕಳನ್ನ ಕಳಿಸಿ.’ ‘ಅನ್ನ ಸಾರು ಮಾಡಿದೀನಿ, ಡಬ್ಬಿ ತನ್ನಿ.’ ‘ಐಸ್ ಇದೆ, ಬೇಗ ಬನ್ನಿ, ಕರಗ್ತಾ ಇದೆ.’ ಒಂದರಲ್ಲೂ ದಯವಿಟ್ಟು ಇಲ್ಲ, ಸಾರ್ ಇಲ್ಲ, ಕೈಮುಗಿದದ್ದಿಲ್ಲ. ಅರ್ಧಕ್ಕರ್ಧ ಕಾಗುಣಿತ ತಪ್ಪು. ಕರೆಂಟ್ ಬಂದ ಮೇಲೆ ಎಲ್ಲರ ಕನ್ನಡವೂ ಸರಿಹೋಯಿತು. ಮೊದಲ ಜಗಳ ಕರೆಂಟ್ ಕಂಪನಿ ಯಾರ ಬೀದಿಗೆ ಮೊದಲು ಬಂತು ಎಂಬುದರ ಮೇಲೆ.

ಸಂಶೋಧಕನ ಶಿಫಾರಸು ಒಂದೇ. ಅಡ್ಮಿನ್ ಸಾರ್, ಚಂಡಮಾರುತದ ಕಾಲ ಜೂನ್ 1ಕ್ಕೆ ಶುರುವಾಗಿ ನವೆಂಬರ್ 30ರ ತನಕ ಇರುತ್ತದೆ. ಗುಂಪಿನ ನೆತ್ತಿಯ ಮೇಲೆ ಪಿನ್ ಮಾಡಿರುವ ನಿಯಮಾವಳಿಯನ್ನು ಅಷ್ಟು ದಿನವಾದರೂ ಕಿತ್ತುಹಾಕಿ, ಜನರೇಟರ್ ಇರುವ ಮನೆಗಳ ಪಟ್ಟಿಯನ್ನು ಅಲ್ಲಿ ಹಾಕಿ. ನನ್ನ ಹೆಸರೂ ಸೇರಿಸಿ. ಬಾಗಿಲು ತಟ್ಟುವ ಮುಂಚೆ ಯಾರೂ ಮೆಸೇಜ್ ಮಾಡಬೇಕಾಗಿಲ್ಲ.