ನೂರಿಪ್ಪತ್ತು ಕುದುರೆ, ಒಂದು ತೊಗರಿ ರಾಶಿ

ಕಲ್ಮಲದಲ್ಲಿ ಹೊಸ ಕಾರು ತಂದು ನಿಲ್ಲಿಸಿದವನಿಗೆ ಮೂರು ಪ್ರಶ್ನೆ ತಪ್ಪಿದ್ದಲ್ಲ. “ಎಷ್ಟಕ್ಕ ಬಿತ್ತು?”, “ಆವರೇಜ್ ಎಷ್ಟ್ ಕೊಡ್ತದ?”, “ಎಷ್ಟ್ ಮಂದಿ ಹಿಡಿತಾರ?” ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಏರುತ್ತದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನಾನು ಬಾಯಿಪಾಠ ಮಾಡಿಟ್ಟುಕೊಂಡಿದ್ದು ಅದೊಂದೇ ಪ್ರಶ್ನೆಯ ಉತ್ತರ.

ನನ್ನದು ಹ್ಯುಂಡೈ ಐ20 ಎನ್ ಲೈನ್. ಎಂಜಿನ್ 998 ಸಿಸಿ, ಮೂರೇ ಸಿಲಿಂಡರು. ಆದರೆ ಟರ್ಬೊ ಇರುವುದರಿಂದ 120 ಕುದುರೆಗಳ ಶಕ್ತಿ. ಉದ್ದ 3,995 ಮಿಲಿಮೀಟರ್. ಐದು ಮಿಲಿಮೀಟರಿನ ಜಿಪುಣತನ ಯಾಕೆಂದರೆ, ನಾಲ್ಕು ಮೀಟರ್ ಒಳಗಿದ್ದು ಪೆಟ್ರೋಲ್ ಎಂಜಿನ್ 1,200 ಸಿಸಿ ದಾಟದಿದ್ದರೆ ಸರ್ಕಾರದ ಲೆಕ್ಕದಲ್ಲಿ ಅದು ಸಣ್ಣ ಕಾರು. 2006ರ ಬಜೆಟ್ಟಿನಿಂದಲೂ ಸಣ್ಣವಕ್ಕೆ ತೆರಿಗೆಯಲ್ಲಿ ರಿಯಾಯಿತಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಹೀಗಾಗಿ ಕಾಗದದ ಮೇಲೆ ಸಣ್ಣದು, ಮನಸ್ಸಿನಲ್ಲಿ ರೇಸಿನದು. ನನ್ನಂಥ ಮಧ್ಯಮ ವರ್ಗದವನಿಗೆ ಹೇಳಿ ಮಾಡಿಸಿದ್ದು.

ಹೆಸರಿನ ‘ಎನ್’ ಅಕ್ಷರದ ಹಿಂದೆ ಎರಡು ಜಾಗಗಳಿವೆ. ಒಂದು ಕಂಪನಿಯ ಸಂಶೋಧನಾ ಕೇಂದ್ರವಿರುವ ಕೊರಿಯಾದ ನಮ್ಯಾಂಗ್, ಇನ್ನೊಂದು ಜರ್ಮನಿಯ ನೂರ್‌ಬುರ್ಗ್‌ರಿಂಗ್. 1927ರಲ್ಲಿ ಶುರುವಾದ ಆ ಓಟದ ಹಾದಿಯ ದೊಡ್ಡ ಸುತ್ತು 20.8 ಕಿಲೋಮೀಟರ್. ಗುಡ್ಡ, ಕಾಡು, ತಿರುವಿನ ಮೇಲೆ ತಿರುವು. ರಾಯಚೂರಿನಿಂದ ಕಲ್ಮಲ ಅಷ್ಟು ದೂರವೂ ಇಲ್ಲ, ಹೇಳಿಕೊಳ್ಳುವಂಥ ತಿರುವೂ ಇಲ್ಲ. ಆದರೆ ಆ ಜರ್ಮನ್ ಡ್ರೈವರುಗಳು ಹತ್ತಿ ಹೇರಿದ ಲಾರಿಯ ಹಿಂದೆ ಸಿಕ್ಕಿಕೊಂಡವರಲ್ಲ. ಎರಡೂ ಬದಿಗೆ ಹೊಟ್ಟೆ ಚೆಲ್ಲಿಕೊಂಡು, ರಸ್ತೆಯೆಲ್ಲ ತನ್ನದೇ ಎಂಬಂತೆ ಅದು ಹೋಗುತ್ತಿರುತ್ತದೆ. ಅದನ್ನು ದಾಟಿದರೆ ಭತ್ತ ಕೊಯ್ಯುವ ಮಷೀನು, ಅದನ್ನೂ ದಾಟಿದರೆ ಎಮ್ಮೆ. ಲಾರಿಯಾದರೆ ಹಾರ್ನಿಗೆ ಒಮ್ಮೊಮ್ಮೆ ಮರ್ಯಾದೆ ಕೊಡುತ್ತದೆ.

ಒಳಗೆಲ್ಲ ಕಪ್ಪು ಬಣ್ಣ, ಕೆಂಪು ದಾರದ ಹೊಲಿಗೆ. ಶೋರೂಮಿನ ಎಸಿಯಲ್ಲಿ ನೋಡಿ ಮರುಳಾದವನು ನಾನು. ರಾಯಚೂರಿನ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆ ಕಪ್ಪು ಸ್ಟೇರಿಂಗು ಮುಟ್ಟಿ ನೋಡಬೇಕು, ಬೇಡ, ಮುಟ್ಟಬಾರದು. ನಮ್ಮಾಕೆ ಅದರ ಮೇಲೆ ಹಳೇ ಟವಲ್ ಹಾಸಿದ್ದಾಳೆ, ಸೀಟುಗಳಿಗೂ ಅದೇ ಮರ್ಯಾದೆ. ದುಡ್ಡು ಕೊಟ್ಟ ಕೆಂಪು ಹೊಲಿಗೆ, ‘ಎನ್’ ಗುರುತು ಎಲ್ಲವೂ ಈಗ ಟವಲಿನ ಕೆಳಗೆ. ಹಿಂದಿನ ಡಿಕ್ಕಿ 311 ಲೀಟರ್ ಎಂದು ಕ್ಯಾಟಲಾಗಿನಲ್ಲಿದೆ. ನಮ್ಮ ಮನೆಯಲ್ಲಿ ಅದನ್ನು ಲೀಟರಿನಲ್ಲಿ ಅಳೆಯುವುದಿಲ್ಲ, ಸೋನಾ ಮಸೂರಿ ಚೀಲದಲ್ಲಿ ಅಳೆಯುತ್ತೇವೆ.

ಕಲ್ಮಲ ಕ್ರಾಸಿನಲ್ಲಿ ಒಂದು ದಾರಿ ಮಾನ್ವಿ, ಸಿಂಧನೂರಿನ ಕಡೆ. ಇನ್ನೊಂದು ಗಬ್ಬೂರು, ದೇವದುರ್ಗದ ಕಡೆ. ಒಗ್ಗರಣಿ ಮಿರ್ಚಿ ತಿಂದು, ಒಂದು ಚಳಿಗಾಲದ ಬೆಳಿಗ್ಗೆ ದೇವದುರ್ಗದ ದಾರಿ ಹಿಡಿದೆ. ರಸ್ತೆ ಖಾಲಿ. ಗೇರು ಇಳಿಸಿ ಆಕ್ಸಿಲೇಟರ್ ಒತ್ತಿದೆ. ಹಿಂದಿನ ಜೋಡಿ ಸೈಲೆನ್ಸರ್ ಗುರ್ ಎಂದಿತು, ಬೆನ್ನು ಸೀಟಿಗೆ ಅಂಟಿತು. ಕೊಟ್ಟ ದುಡ್ಡು ಬಡ್ಡಿ ಸಮೇತ ವಾಪಸ್ ಬಂದಂತಾಯಿತು. ಅಷ್ಟರಲ್ಲಿ ಮುಂದೆ ಅರ್ಧ ರಸ್ತೆಗೆ ಕಲ್ಲು ಅಡ್ಡವಿಟ್ಟು ತೊಗರಿ ಹರವಿದ್ದರು. ಬರುವ ಗಾಡಿಗಳ ಗಾಲಿಗೇ ರಾಶಿಯ ಕೆಲಸ. ಮೆತ್ತಗೆ ಬದಿಗೆ ಸರಿದು ಪಾರಾಗುವುದರಲ್ಲಿದ್ದೆ, ಮುತ್ಯಾ ಒಬ್ಬರು ಕೈ ಅಡ್ಡ ಮಾಡಿದರು.

“ಬಾಜೂಕ ಯಾಕ ಹೊಂಟೀಯಪಾ? ಮ್ಯಾಲಿಂದ ಹೋಗು.”

“ಮುತ್ಯಾ, ಇದು ಹೊಸಾ ಗಾಡಿ.”

“ಹೊಸಾ ಟಾಯರ್ ಇದ್ರ ಭಾಳ ಚಲೋ.”

ಹೋದೆ. ಕೆಳಗೆಲ್ಲ ಚಟಪಟ ಸದ್ದು. ಕೆಂಪು ಬಳಿದ ಬ್ರೇಕ್ ಕ್ಯಾಲಿಪರಿನವರೆಗೆ ಹೊಟ್ಟು. ಮುತ್ಯಾ ಬಗ್ಗಿ, ಒಂದು ಕಾಯಿ ಎತ್ತಿ ಬೆರಳಲ್ಲಿ ಹಿಸುಕಿ ನೋಡಿದರು. ಬಾಯಿ ಬಿಚ್ಚಿರಲಿಲ್ಲ.

“ಹಗುರ ಅದಪಾ ನಿನ್ ಗಾಡಿ. ಹಿಂದಕ್ಕ ತಗೊಂಡು ಇನ್ನೊಮ್ಮೆ ಬಾ.”

ಹಿಂದಕ್ಕೆ ತೆಗೆದುಕೊಂಡೆ. ರಿವರ್ಸ್ ಕ್ಯಾಮೆರಾದ ಪರದೆಯ ತುಂಬ ತೊಗರಿ. ಕೊರಿಯಾದ ಎಂಜಿನಿಯರುಗಳು ಎಂಥೆಂಥ ಪರೀಕ್ಷೆ ಮಾಡಿರುತ್ತಾರೋ. ಈ ಪರೀಕ್ಷೆಯಲ್ಲಿ ಮಾತ್ರ ಅವರ ಕಾರು ಹಿಂದೆ ಬಂದ ಟ್ರ್ಯಾಕ್ಟರಿನ ಮುಂದೆ ಫೇಲಾಯಿತು.

ಪಾಸಾದದ್ದು ಮದುವೆಯಲ್ಲಿ. ನಮ್ಮ ಓಣಿಯ ಹುಡುಗನ ಮೆರವಣಿಗೆಗೆ “ಕಾಕಾ, ನಿಮ್ದೇ ಗಾಡಿ ಬೇಕು” ಎಂದು ಗಂಟುಬಿದ್ದರು. ಚೆಂಡುಹೂವಿನ ಮಾಲೆ ಬಾನೆಟ್ಟು ಮುಚ್ಚಿತು. ಹನುಮಪ್ಪನ ಗುಡಿಯಿಂದ ಮಂಟಪದವರೆಗೆ ಬ್ಯಾಂಡಿನ ಹಿಂದೆ ಫಸ್ಟ್ ಗೇರು, ಕ್ಲಚ್ಚು, ಮತ್ತೆ ಫಸ್ಟ್ ಗೇರು. ಕುಣಿಯುವ ಹುಡುಗರು ಕಿಟಕಿಗೆ ಬಂದು, “ಕಾಕಾ, ಒಮ್ಮೆ ರೇಸ್ ಮಾಡ್ರಿ!” ಎಂದರು. ನಿಂತಲ್ಲೇ ಒತ್ತಿದೆ; ಸೈಲೆನ್ಸರ್ ಸದ್ದಿಗೆ ಸೀಟಿ ಬಿದ್ದವು, ಬ್ಯಾಂಡಿನವನೂ ತಿರುಗಿ ನೋಡಿದ. ಹುಡುಗರು ಮತ್ತೆ ಮತ್ತೆ ಕೇಳಿದರು, ನಾನೂ ಇಲ್ಲವೆನ್ನಲಿಲ್ಲ. ಅಷ್ಟರಲ್ಲಿ ಅಯ್ಯನೋರು ಮಂಟಪದಿಂದ ಆಳು ಕಳಿಸಿದರು: ಅಕ್ಕಿಕಾಳಿನ ಹೊತ್ತು ಮೀರುತ್ತಿದೆ. ಮದುಮಗನನ್ನು ಇಳಿಸಿಕೊಂಡು, ಬಾಸಿಂಗ ಹಿಡಿದು ಓಡಿದರು.

ನಾನು ಮಂಟಪ ಮುಟ್ಟುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು.