ಗೋಣು ಮೀಮಾಂಸೆ: ಬಾಗಳಿ ಪಾಠ

‘ಬಾಗಳಿ’ ಎಂಬ ಊರಿನ ಹೆಸರು ‘ಬಾಗು’ ಎಂಬ ಧಾತುವಿನಿಂದ ಬಂದಿದೆಯೆಂದು ಈ ಪ್ರಬಂಧಕಾರನು ಮೊನ್ನೆ ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಕಂಡುಹಿಡಿದನು. ಶಾಸನಗಳು ಇದನ್ನು ಒಪ್ಪುವುದಿಲ್ಲ. ಆದರೆ ಶಾಸನ ಕೆತ್ತಿದವರಿಗೆ ಆ ದಿನ ಕುತ್ತಿಗೆ ಹಿಡಿದುಕೊಂಡಿರಲಿಲ್ಲ, ನನಗೆ ಹಿಡಿದುಕೊಂಡಿತ್ತು. ವ್ಯುತ್ಪತ್ತಿಶಾಸ್ತ್ರದಲ್ಲಿ ನೋವೂ ಒಂದು ಪ್ರಮಾಣ.

ಮುಖ ಬಲಕ್ಕೆ, ಕಲ್ಲೇಶ್ವರನ ಗುಡಿಯ ಕಡೆಗೆ ತಿರುಗಿ ನಿಂತುಬಿಟ್ಟಿತ್ತು. ಓಣಿಯವರು ಭಕ್ತಿ ಎಂದುಕೊಂಡರು. ಅವ್ವ ಮಾತ್ರ ನೋಡಿದ ಕೂಡಲೇ ರೋಗನಿರ್ಣಯ ಮಾಡಿ, ‘ದಿಂಬು ಒಯ್ದು ಬಿಸಿಲಿಗೆ ಹಾಕು’ ಎಂದಳು. ರೋಗಿ ನೆರಳಿನಲ್ಲಿ, ದಿಂಬು ಮಾಳಿಗೆಯ ಮೇಲೆ: ಈ ಚಿಕಿತ್ಸೆಯ ಸೂಕ್ಷ್ಮ ಪಾಶ್ಚಾತ್ಯರಿಗೆ ಇನ್ನೂ ಹೊಳೆದಿಲ್ಲ.

ಪಾಶ್ಚಾತ್ಯರಿಗೆ ಹೊಳೆದದ್ದು ಬೇರೆ. 1895ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟಿನಲ್ಲಿ ಡಿ. ಡಿ. ಪಾಮರ್ ಎಂಬಾತ, ಕಟ್ಟಡದ ಕಸ ಗುಡಿಸುತ್ತಿದ್ದ ಹಾರ್ವಿ ಲಿಲ್ಲಾರ್ಡ್ ಎಂಬವನ ಬೆನ್ನುಮೂಳೆಯನ್ನು ಒತ್ತಿ ಅವನ ಕಿವುಡು ಕಳೆದೆನೆಂದು ಹೇಳಿಕೊಂಡ. ಕೈರೋಪ್ರ್ಯಾಕ್ಟಿಕ್ ಎಂಬ ಶಾಸ್ತ್ರ ಅಲ್ಲಿಂದ ಹುಟ್ಟಿತು. ಕಿವಿಯ ನರ ಬೆನ್ನುಹುರಿಯನ್ನು ಹಾಯ್ದು ಹೋಗುವುದಿಲ್ಲವಲ್ಲ ಎಂದು ಕೇಳುವವರು ಶಾಸ್ತ್ರದ್ವೇಷಿಗಳು. ಮಗ ಬಿ. ಜೆ. ಪಾಮರ್ ಅಪ್ಪನಿಗಿಂತ ಒಂದು ಹೆಜ್ಜೆ ಮುಂದೆ. 1930ರ ದಶಕದಲ್ಲಿ ಆತ, ಇಡೀ ಬೆನ್ನು ಯಾಕೆ, ಕತ್ತಿನ ತುದಿಯ ಮೂಳೆಯನ್ನು ಹದಕ್ಕೆ ತಂದರೆ ಮಿಕ್ಕದ್ದು ತಾನೇ ಸರಿಹೋಗುತ್ತದೆ ಎಂಬ ಅದ್ವೈತಕ್ಕೆ ಬಂದ. ಗಾಲ್ಫ್ ಆಟದ ಮಾತನ್ನು ಎರವಲು ತಂದು ಅದಕ್ಕೆ ‘ಹೋಲ್ ಇನ್ ಒನ್’ ಎಂದು ಹೆಸರಿಟ್ಟ.

ಆ ಮೂಳೆಯ ಹೆಸರು ಅಟ್ಲಾಸ್. ಕತ್ತಿನ ಏಳು ಮೂಳೆಗಳಲ್ಲಿ ಮೇಲಿನದು. ಆಕಾಶ ಹೊತ್ತ ಗ್ರೀಕರ ದೈತ್ಯನ ಹೆಸರು ಇದಕ್ಕಿದೆ. ಇದು ಹೊತ್ತಿರುವುದು ಸುಮಾರು ಐದು ಕಿಲೋ ತೂಗುವ ತಲೆಯನ್ನು. ಒಳಗೇನಿದೆ ಎಂಬುದರಿಂದ ತೂಕದಲ್ಲಿ ವ್ಯತ್ಯಾಸವಾಗದೆಂಬುದು ನಮ್ಮ ಪಂಚಾಯಿತಿ ಸಭೆಗಳಲ್ಲಿ ಸಿದ್ಧವಾಗಿದೆ. ಅಟ್ಲಾಸ್ ಬಳೆಯಂತೆ ದುಂಡಗಿದೆ. ಕೆಳಗಿನ ಎರಡನೇ ಮೂಳೆಯ ಹಲ್ಲಿನಂಥ ಮೊಳೆ ಅದರೊಳಗೆ ನಿಂತಿದೆ. ನಾವು ‘ಇಲ್ಲ’ ಎಂದು ತಲೆ ಅಲ್ಲಾಡಿಸುವಾಗ ಅರ್ಧದಷ್ಟು ತಿರುಗಾಟ ಇವೆರಡರ ನಡುವೆಯೇ ನಡೆಯುತ್ತದೆ. ಸಾಲಗಾರರಲ್ಲಿ ಈ ಸಂದು ಬೇಗ ಸವೆಯಬೇಕು.

ಪರೀಕ್ಷೆಯ ವಿಧಾನ ರಮ್ಯವಾಗಿದೆ. ಕತ್ತು ನೊಂದವನನ್ನು ಮಲಗಿಸಿ ಪಾಮರ್ ಪಂಥದವರು ಮೊದಲು ಪಾದ ನೋಡುತ್ತಾರೆ. ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ ಕಂಡರೆ ಅಟ್ಲಾಸ್ ಸರಿದಿದೆ. ಆಮೇಲೆ ಮುಂದಿನಿಂದ, ಮಗ್ಗುಲಿನಿಂದ, ಕೆಳಗಿನಿಂದ ಎಕ್ಸ್-ರೇ ತೆಗೆದು, ಅದರ ಮೇಲೆ ಗೆರೆ ಎಳೆದು, ಮೂಳೆ ಎಷ್ಟು ಡಿಗ್ರಿ ವಾಲಿದೆ ಎಂದು ಅಳೆಯುತ್ತಾರೆ. ಇದನ್ನು ಓದಿ ನನಗೆ ರೋಮಾಂಚನವಾಯಿತು. ನಮ್ಮಲ್ಲೂ ಉಳುಕಿಗೆ ಕಾಲನ್ನೇ ನೋಡುತ್ತೇವೆ, ಆದರೆ ವೈದ್ಯನ ಕಾಲನ್ನು. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವನು ಪಾದ ತಾಗಿಸಿದರೆ ಉಳುಕು ಬಿಟ್ಟಿತು. ಗೋಣಿನ ಗುಟ್ಟು ಪಾದದಲ್ಲಿದೆ ಎಂಬಷ್ಟರ ಮಟ್ಟಿಗೆ ಬಾಗಳಿ ಮತ್ತು ಡೇವನ್‌ಪೋರ್ಟಿಗೆ ಸಹಮತ. ನಮ್ಮದಕ್ಕೆ ಎಕ್ಸ್-ರೇ ಖರ್ಚಿಲ್ಲ.

ಪಾಮರ್ ಪಂಥದ ಈ ಪರೀಕ್ಷೆಗಳಲ್ಲಿ ‘ನಿನ್ನ ಗೋಣು ನೆಟ್ಟಗಿದೆ, ಮನೆಗೆ ಹೋಗು’ ಎಂಬ ಫಲಿತಾಂಶಕ್ಕೆ ಜಾಗ ಕಡಿಮೆ. ಹುಟ್ಟಿದವರಲ್ಲಿ ಎರಡೂ ಮಗ್ಗುಲು ಸಮವಾಗಿರುವವರು ಅಪರೂಪ. ಅಳೆಯುತ್ತ ಹೋದರೆ ಎಲ್ಲರೂ ವಾಲಿದವರೇ. ಇದಕ್ಕೆ ನಮ್ಮ ತಾಲ್ಲೂಕಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಹರಪನಹಳ್ಳಿ ಕರ್ನಾಟಕದ ಅಟ್ಲಾಸ್. 1953ರವರೆಗೆ ಮದರಾಸು ಪ್ರಾಂತ್ಯದಲ್ಲಿ ವಾಲಿತ್ತೆಂದು ಬಳ್ಳಾರಿಯ ಜೊತೆ ಮೈಸೂರಿಗೆ ತಿರುಗಿಸಿದರು. 1997ರಲ್ಲಿ ದಾವಣಗೆರೆಗೆ ಒತ್ತಿದರು. 2018ರಲ್ಲಿ ಮರಳಿ ಬಳ್ಳಾರಿಗೆ ಎಳೆದರು. 2021ರಲ್ಲಿ ವಿಜಯನಗರ ಎಂಬ ಹೊಸ ಜಿಲ್ಲೆಗೆ ಕೂರಿಸಿದರು. ಪ್ರತಿ ಸಲವೂ ‘ಲಟ್’ ಎಂದು ಸದ್ದಾಯಿತು, ಪಟಾಕಿ ಹೊಡೆದರು, ಹಾಯೆನಿಸಿತು. ಕಲ್ಲೇಶ್ವರ ಮಾತ್ರ ಕೂತಲ್ಲೇ ಕೂತಿದ್ದಾನೆ. ಚಾಲುಕ್ಯ ತೈಲಪನ ಕಾಲದ, 987ರ ಶಾಸನದಲ್ಲಿ ಗುಡಿ ಕಟ್ಟಿಸಿದ ದುಗ್ಗಿಮಯ್ಯನ ಹೆಸರಿದೆ. ಅಂದಿನಿಂದ ಒಂದು ಅಂಗುಲವೂ ಸರಿಯದ ಆ ಗುಡಿಯ ಬೋರ್ಡಿನಲ್ಲಿ ಜಿಲ್ಲೆಯ ಹೆಸರು ಮಾತ್ರ ಅಳಿಸಿ ಬರೆದು ಅಳಿಸಿ ಬರೆದು ಬಣ್ಣ ದಪ್ಪವಾಗಿದೆ.

ಗುಡಿಯ ಮಾತು ಬಂತೆಂದು ಹೇಳುತ್ತೇನೆ. ನನ್ನ ಗೋಣು ಉಳುಕಿದ್ದು ಅಲ್ಲಿಯೇ. ಹೊರಮೈಯಲ್ಲಿ ಮಿಥುನ ಶಿಲ್ಪಗಳಿವೆ. ಹೆಂಡತಿ, ಬೀಗರು ಜೊತೆಗಿರುವಾಗ ಅವನ್ನು ನೋಡಬೇಕಾದರೆ ಮುಖ ಕಂಬಗಳ ಕಡೆ, ಕಣ್ಣು ಗೋಡೆಯ ಕಡೆ ಇರಬೇಕು. ಹೊರೆಯೆಲ್ಲ ಅಟ್ಲಾಸಿನ ಮೇಲೆ. ಮೈಲಾರ ಜಾತ್ರೆಯ ಭವಿಷ್ಯವಾಣಿಯಾದ ಕಾರ್ಣಿಕ ಕೇಳುವಾಗಿನ ಉಳುಕು ಬೇರೆ ಜಾತಿಯದು. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದೊಡನೆ ಲಕ್ಷಗಟ್ಟಲೆ ಗೋಣು ಒಮ್ಮೆಗೇ ಮೇಲೇಳುತ್ತವೆ. ಅದು ಸಾಮೂಹಿಕ, ನಿಷ್ಕಳಂಕ, ಆದ್ದರಿಂದ ಬೇಗ ವಾಸಿ.

ದಿಂಬು ಎರಡು ದಿನ ಒಣಗಿದರೂ ನಾನು ನೆಟ್ಟಗಾಗಲಿಲ್ಲ. ಕಟಿಂಗ್ ಶಾಪಿಗೆ ಹೋದೆ. ಅಲ್ಲಿಯ ಆಚಾರ್ಯರು ಪಾದ ನೋಡಲಿಲ್ಲ. ಹೆಗಲಿಗೆ ಟವಲ್ ಹೊದಿಸಿದರು, ನೆತ್ತಿಗೆ ತಣ್ಣೆಣ್ಣೆ ಸುರಿದು ಎರಡೂ ಅಂಗೈಯಲ್ಲಿ ತಬಲಾ ನುಡಿಸಿದರು, ಎಡಗೈಯಲ್ಲಿ ಗದ್ದ, ಬಲಗೈಯಲ್ಲಿ ಹಿಂದಲೆ ಹಿಡಿದರು. ಕನ್ನಡಿಯಲ್ಲಿ ನನ್ನ ಕಣ್ಣು ನನಗೇ ದೊಡ್ಡದಾಗಿ ಕಂಡಿತು.

‘ಸಡಿಲ ಬಿಡ್ರೀ ಮೇಷ್ಟ್ರೇ.’

ಗೋಣು ತಿರುಚಿದಾಗ ಬರುವ ‘ಲಟ್’ ಸದ್ದು ಮೂಳೆ ಜಾಗಕ್ಕೆ ಕೂತದ್ದಲ್ಲ. ಸಂದಿನ ದ್ರವದಲ್ಲಿ ಗಾಳಿಗುಳ್ಳೆಯ ಆಟ ಅದು. 2015ರಲ್ಲಿ ಕೆನಡಾದವರು ಬೆರಳ ಲಟಿಕೆಯನ್ನು ಎಂಆರ್‌ಐ ಯಂತ್ರದಲ್ಲಿಟ್ಟು ಚಿತ್ರ ಹಿಡಿದಿದ್ದಾರೆ. ಮೆದುಳಿಗೆ ಹೋಗುವ ಒಂದು ಜೊತೆ ರಕ್ತನಾಳ ಕತ್ತಿನ ಮೂಳೆಗಳ ತೂತಿನಲ್ಲೇ ಹತ್ತಿ, ಅಟ್ಲಾಸಿನ ಬಳಿ ಬಳುಕಿ ಒಳಗೆ ಹೋಗುತ್ತದೆ. ಮುಂಭಾಗದಲ್ಲಿ ಇನ್ನೊಂದು ಜೊತೆ. ಜೋರಾಗಿ ತಿರುಚಿದರೆ ಅವು ಹರಿಯಬಹುದು. 2024ರಲ್ಲಿ ಬಳ್ಳಾರಿಯ ಮೂವತ್ತರ ಯುವಕನೊಬ್ಬನಿಗೆ ಕ್ಷೌರದ ಜೊತೆ ಪುಕ್ಕಟೆ ಸಿಕ್ಕ ಇಂಥದೇ ತಿರುವಿನಿಂದ ನಾಳ ಹರಿದು, ಮಾತು ನಿಂತು, ಮೈಯ ಎಡಭಾಗ ಸೋತು, ಬೆಂಗಳೂರಿನಲ್ಲಿ ಚಿಕಿತ್ಸೆಯಾಯಿತು. ಇಲ್ಲಿ ಪ್ರಬಂಧಕಾರನಿಗೆ ಅಣಕವಾಡಲು ನಾಲಿಗೆ ಏಳುತ್ತಿಲ್ಲ.

ಇಷ್ಟೆಲ್ಲ ಆ ಕುರ್ಚಿಯಲ್ಲಿ, ಗದ್ದ ಇನ್ನೊಬ್ಬರ ಕೈಯಲ್ಲಿರುವಾಗ ನೆನಪಾಯಿತು. ‘ಬ್ಯಾಡಪ್ಪೋ, ಗೋಣು ಬಿಡು, ತಲೆಯಷ್ಟೇ ತಿಕ್ಕು’ ಎಂದು ಕೂಗಿದೆ. ಆಚಾರ್ಯರು ಕೈ ತೆಗೆದರು. ಮುಖ ಸಣ್ಣದಾಯಿತು.

‘ರೊಕ್ಕಕ್ಕಲ್ರೀ ಮೇಷ್ಟ್ರೇ, ಇದು ಫ್ರೀ ಐತಿ.’

ತೆಗೆಯದ ಲಟಿಕೆಗೆಂದು ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟು, ಬಲಕ್ಕೆ ನೋಡುತ್ತ ಎಡಕ್ಕಿರುವ ಮನೆಗೆ ನಡೆದೆ. ಮಾಳಿಗೆಯ ಮೇಲೆ ದಿಂಬು ಇನ್ನೂ ಇತ್ತು. ಅದರ ಮೇಲೆ ಬೆಕ್ಕು ಗೋಣು ಪೂರ್ತಿ ಹಿಂದಕ್ಕೆ ತಿರುಗಿಸಿಕೊಂಡು ಬೆನ್ನು ನೆಕ್ಕುತ್ತಿತ್ತು.