37.33 ಸೆಕೆಂಡು, 52 ವರ್ಷ

ಸರ್ಕಾರಕ್ಕೆ ಈಜು ಬರುವುದಿಲ್ಲ ಎಂದು ಯಾರೂ ಆಡಿಕೊಳ್ಳಬೇಡಿ. ಬರುತ್ತದೆ, ದಡ ಮುಟ್ಟುವುದಷ್ಟೇ ತಡ. ಸಾಂಗ್ಲಿ ಜಿಲ್ಲೆಯ ಪೇಠ ಇಸ್ಲಾಂಪುರದ ಮುರಳೀಕಾಂತ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲನ್ನು 37.33 ಸೆಕೆಂಡಿನಲ್ಲಿ ಮುಗಿಸಿ, ವಿಶ್ವದಾಖಲೆ ಬರೆದು ಚಿನ್ನ ಗೆದ್ದರು. ಪದ್ಮಶ್ರೀ 2018ಕ್ಕೆ ಬಂತು. ಅರ್ಜುನ ಪ್ರಶಸ್ತಿ 2025ರ ಜನವರಿಗೆ, ಅದೂ ಜೀವಮಾನ ಸಾಧನೆಯ ಹೆಸರಲ್ಲಿ. ಆಗ ಅವರಿಗೆ 80. ಜೀವಮಾನ ಮುಗಿಯುವುದರೊಳಗೆ ಕೊಟ್ಟರಲ್ಲ, ಕೈಮುಗಿಯಬೇಕು.

ಪೇಟ್ಕರ್ ಮೂಲತಃ ಸೈನ್ಯದ ಬಾಕ್ಸರ್. 1965ರ ಯುದ್ಧದಲ್ಲಿ ಮೈತುಂಬ ಗುಂಡು ಬಿದ್ದು, 20ರ ಹರೆಯದಲ್ಲೇ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಚಿಕಿತ್ಸೆಗೆಂದು ನೀರಿಗಿಳಿಸಿದರೆ ಹುಡುಗ ಅದನ್ನೇ ಅಖಾಡ ಮಾಡಿಕೊಂಡ. 1968ರಲ್ಲಿ ಟೆಲ್ ಅವಿವ್‌ಗೆ ಹೋಗಿ ಟೇಬಲ್ ಟೆನಿಸ್ ಆಡಿದ. ನಾಲ್ಕು ವರ್ಷದ ಮೇಲೆ ಆ ಚಿನ್ನ.

ದೇಶಕ್ಕೆ ಅದು ಗೊತ್ತಾಗಲಿಲ್ಲ. 2008ರಲ್ಲಿ ಶೂಟರ್ ಬಿಂದ್ರಾ ಗೆದ್ದಾಗ ಮೊದಲ ವೈಯಕ್ತಿಕ ಚಿನ್ನ ಎಂದು ಕುಣಿದೆವು. ಲೆಕ್ಕ ತಪ್ಪಲ್ಲ, ಅದು ಒಲಿಂಪಿಕ್ಸ್. ಗಾಲಿಕುರ್ಚಿಯವರ ಚಿನ್ನ ತೂಗಲು ನಮ್ಮಲ್ಲಿ ತಕ್ಕಡಿಯೇ ಇರಲಿಲ್ಲ.

ಹಾಗೆಂದು ಸಾಂಗ್ಲಿ ಜಿಲ್ಲೆಯ ಮೇಲೆ ಯಾರಿಗೂ ಪ್ರೀತಿಯಿಲ್ಲ ಎನ್ನುವಂತಿಲ್ಲ. ಜತ್ ತಾಲ್ಲೂಕಿನ 40 ಹಳ್ಳಿಗಳು ನಮಗೆ ಸೇರಬೇಕೆಂದು 2022ರಲ್ಲಿ ಬೆಂಗಳೂರು ಗುಡುಗಿತು, ಮುಂಬೈ ತಿರುಗಿ ಗುಡುಗಿತು. ಅದೇ ಜಿಲ್ಲೆಯ ಈ ಚಿನ್ನದ ಮೇಲೆ ಮಾತ್ರ ಯಾರೂ ಹಕ್ಕು ಸಾಧಿಸಲಿಲ್ಲ. ಹಳ್ಳಿಯಲ್ಲಾದರೆ ಓಟಿವೆ.

ಕಡೆಗೆ ಕಬೀರ್ ಖಾನ್ ಪೇಟ್ಕರ್ ಬದುಕಿನ ಮೇಲೆ 'ಚಂದು ಚಾಂಪಿಯನ್' ತೆಗೆದರು. 2024ರ ಜೂನ್‌ನಲ್ಲಿ ಸಿನಿಮಾ, ಏಳು ತಿಂಗಳಿಗೆ ಅರ್ಜುನ! 52 ವರ್ಷ ಮಿಸುಕದ ಫೈಲಿಗೆ ಬೇಕಾಗಿದ್ದದ್ದು ಒಂದು ಇಂಟರ್‌ವಲ್ ಅಷ್ಟೇ.

ಆ ಸಿನಿಮಾದಲ್ಲಿ ಮುದುಕ ಮುರಳೀಕಾಂತ, ಅರ್ಜುನ ಕೊಡದ ರಾಷ್ಟ್ರಪತಿಗಳ ಮೇಲೆ ದೂರು ಕೊಡಲು ಠಾಣೆಗೆ ಬರುತ್ತಾನೆ. ಅಲ್ಲಿ ಕೂತಿರಬೇಕಾಗಿದ್ದವರು ಮಿರಜ್ ತಾಲ್ಲೂಕಿನ ಕವಲಾಪುರದ ಕಾಳೂ-ಬಾಳೂ. ಮರಾಠಿ ತಮಾಷಾ ರಂಗದಲ್ಲಿ ಹವಾಲ್ದಾರರ ವೇಷ ಹಾಕಿ ಹೆಸರು ಮಾಡಿದ ಅವಳಿ ಅಣ್ಣತಮ್ಮಂದಿರು. ಒಬ್ಬ ಕೇಳುತ್ತಿದ್ದ: "ಅಜ್ಜಾ, ಈ ರಾಷ್ಟ್ರಪತಿ ಯಾವ ಠಾಣಾದ ಹದ್ದಿಗಿ ಬರ್ತಾರ?" ಇನ್ನೊಬ್ಬ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು: "ಅದೆಲ್ಲಾ ಇರ್ಲಿ, ಮೊದಲ ನೀ ಎದ್ದ ನಿಂತು ಮಾತಾಡು."